ಸಾಹಸ ಸವಾರಿಯ ಬೂಟು, ಉಡುಪು: ಪಾದದಿಂದ ಆರಂಭಿಸಿ

ಪ್ರಶ್ನೆ: ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಉಪನ್ಯಾಸಕಿ. ವಯಸ್ಸು 36, ಎತ್ತರ ಐದು ಅಡಿ ನಾಲ್ಕು ಅಂಗುಲ. ಕಳೆದ ವರ್ಷ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಕೊಂಡೆ. ರಜೆ ಸಿಕ್ಕಾಗ ಆಗುಂಬೆ, ತೀರ್ಥಹಳ್ಳಿ, ಸಕಲೇಶಪುರದ ಕಡೆಯ ಕಚ್ಚಾ ಹಾದಿಗಳಲ್ಲಿ ಓಡಾಡುತ್ತೇನೆ. ಬರುವ ಸೆಪ್ಟೆಂಬರಿನಲ್ಲಿ ಮನಾಲಿಯಿಂದ ಸ್ಪಿತಿ ಕಣಿವೆಗೆ ಹೋಗುವ ಯೋಜನೆ ಇದೆ. ಈಗ ಧರಿಸುತ್ತಿರುವುದು ಕಾರ್ಖಾನೆಗಳಲ್ಲಿ ಹಾಕುವಂಥ ಸೇಫ್ಟಿ ಶೂ, ದಪ್ಪ ಜೀನ್ಸ್ ಮತ್ತು ಜಾಲರಿ ಬಟ್ಟೆಯ ಒಂದು ಮೆಶ್ ಜಾಕೆಟ್. ಮೂರು ಗಂಟೆ ಓಡಿಸಿದರೆ ಪಾದದ ಬದಿಗಳು ಉರಿಯುತ್ತವೆ, ಜಾಕೆಟ್ಟಿನ ಮೊಣಕೈ ಪ್ಯಾಡು ಅತ್ತಿತ್ತ ಸರಿಯುತ್ತದೆ. ಜೊತೆಯ ಸವಾರರಲ್ಲಿ ಒಬ್ಬರು ಮಣ್ಣಿನ ಹಾದಿಯ ಬೈಕ್ ಪೈಪೋಟಿಗೆ ಹಾಕುವ ಮೋಟೋಕ್ರಾಸ್ ಬೂಟೇ ಬೇಕು ಎನ್ನುತ್ತಾರೆ, ಇನ್ನೊಬ್ಬರು ಟ್ರೆಕ್ಕಿಂಗ್ ಶೂ ಸಾಕು ಎನ್ನುತ್ತಾರೆ. ಎಲ್ಲ ಸೇರಿ 50,000 ರೂಪಾಯಿ ಖರ್ಚು ಮಾಡಬಲ್ಲೆ. ಏನನ್ನು, ಹೇಗೆ ಆರಿಸಲಿ? ಬೂಟು ವಾಟರ್‌ಪ್ರೂಫ್ ಆಗಿರಲೇಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಹೆಲ್ಮೆಟ್ಟಿನ ಮಾತಿಲ್ಲ. ಐಎಸ್‌ಐ ಗುರುತಿರುವ, ತಲೆಗೆ ಬಿಗಿಯಾಗಿ ಕೂರುವ ಫುಲ್‌ಫೇಸ್ ಹೆಲ್ಮೆಟ್ ಈಗಾಗಲೇ ನಿಮ್ಮಲ್ಲಿದೆ ಎಂದು ಭಾವಿಸಿ ಮುಂದುವರಿಯುತ್ತೇನೆ. ಇಲ್ಲವಾದರೆ ನಿಮ್ಮ ಹಣದ ಮೊದಲ ಪಾಲು ಅದಕ್ಕೇ ಸಲ್ಲಬೇಕು. ಹೆಲ್ಮೆಟ್ಟಿನ ನಂತರದ ಸ್ಥಾನ, ಸಾಹಸ ಸವಾರಿಯ ಮಟ್ಟಿಗೆ, ಬೂಟಿನದು. ಬಹುತೇಕರು ಈ ಕ್ರಮವನ್ನು ತಿರುವುಮುರುವು ಮಾಡಿ, ಮೊದಲು ಜಾಕೆಟ್, ಆಮೇಲೆ ಗ್ಲೌಸ್, ಹಣ ಉಳಿದರೆ ಪ್ಯಾಂಟ್, ಕೊನೆಗೆ ಎಂದಾದರೂ ಬೂಟು ಎಂದು ಹೊರಡುತ್ತಾರೆ. ಹದಿನೈದು ವರ್ಷಗಳಿಂದ ಕಚ್ಚಾ ಹಾದಿಯ ಸವಾರಿ ಕಲಿಸುತ್ತಿರುವ ನಾನು ನನ್ನ ಶಿಬಿರಗಳಲ್ಲಿ ಕಂಡ ಗಾಯಗಳಲ್ಲಿ ಹೆಚ್ಚಿನವು ಮೊಣಕಾಲಿನಿಂದ ಕೆಳಗಿನವು. ಅದಕ್ಕೆ ಕಾರಣವನ್ನು ಮೊದಲು ವಿವರಿಸಿದರೆ ಬೂಟಿನ ಆಯ್ಕೆ ತಾನಾಗಿ ಸುಲಭವಾಗುತ್ತದೆ.

ಹೆದ್ದಾರಿಯಲ್ಲಿ ಬೀಳುವುದಕ್ಕೂ ಕಚ್ಚಾ ಹಾದಿಯಲ್ಲಿ ಬೀಳುವುದಕ್ಕೂ ಸ್ವಭಾವದಲ್ಲೇ ವ್ಯತ್ಯಾಸವಿದೆ. ಡಾಂಬರಿನ ಮೇಲೆ ವೇಗದಲ್ಲಿ ಬಿದ್ದ ಸವಾರ ಬೈಕಿನಿಂದ ಬೇರೆಯಾಗಿ ಜಾರಿಕೊಂಡು ಹೋಗುತ್ತಾನೆ. ಅಲ್ಲಿ ಬಟ್ಟೆ ಎಷ್ಟು ಹೊತ್ತು ಹರಿಯದೆ ಉಜ್ಜುವಿಕೆಯನ್ನು ತಡೆಯುತ್ತದೆ ಎಂಬುದೇ ಮುಖ್ಯ. ಕಲ್ಲು, ಕೆಸರು, ಮರಳಿನ ಹಾದಿಯಲ್ಲಿ ನಾವು ಬೀಳುವುದು ನಡಿಗೆಯ ವೇಗದಲ್ಲಿ, ಹಲವು ಸಲ ನಿಂತಲ್ಲೇ. ಮುಂಚಕ್ರ ಕಲ್ಲಿಗೆ ತಗುಲಿ ಹೊರಳುತ್ತದೆ, ಸಮತೋಲನಕ್ಕೆಂದು ಕಾಲು ಕೆಳಗಿಡುತ್ತೇವೆ, ಊರಿದ ಪಾದ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಬೈಕು ಮಾತ್ರ ಮುಂದಕ್ಕೆ ಚಲಿಸುತ್ತಲೇ ಇರುತ್ತದೆ. ನಿಮ್ಮ ಹಿಮಾಲಯನ್ 450 ಪೆಟ್ರೋಲು ತುಂಬಿದಾಗ ಸುಮಾರು 196 ಕೆ.ಜಿ. ತೂಗುತ್ತದೆ, ಎರಡು ಬದಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿದರೆ ಇನ್ನಷ್ಟು. ಅಷ್ಟು ತೂಕ ಪಾದವನ್ನು ಒತ್ತುವುದರ ಜೊತೆಗೆ ತಿರುಚುತ್ತದೆ. ಕಣಕಾಲಿನ ಗಂಟು ಮುರಿಯುವುದು ಹೆಚ್ಚಾಗಿ ಈ ತಿರುಚುವಿಕೆಯಿಂದ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಮೂಡಿಗೆರೆಯ ಬಳಿಯ ಕಾಫಿ ತೋಟದ ಹಾದಿಯಲ್ಲಿ, ಮೊದಲ ಗೇರಿನಲ್ಲಿ, ಒದ್ದೆ ಎಲೆಗಳ ಮೇಲೆ ಹಿಂಚಕ್ರ ಜಾರಿ ಎಡಕ್ಕೆ ಬಿದ್ದೆ. ಕಾಲಲ್ಲಿದ್ದದ್ದು ಒಳ್ಳೆಯ ಟ್ರೆಕ್ಕಿಂಗ್ ಶೂ. ಕಾಲು ಹಾದಿಯ ಅಂಚಿನ ದಿಬ್ಬಕ್ಕೂ ಅಲ್ಯೂಮಿನಿಯಂ ಪೆಟ್ಟಿಗೆಗೂ ನಡುವೆ ಸಿಕ್ಕಿಕೊಂಡಿತು. ಶೂಗೆ ಒಂದು ಗೀರೂ ಆಗಲಿಲ್ಲ, ಒಳಗೆ ಎಲುಬು ಎರಡು ಕಡೆ ಮುರಿದಿತ್ತು. ಪ್ಲೇಟು, ಸ್ಕ್ರೂ ಹಾಕಿಸಿಕೊಂಡು ಐದು ತಿಂಗಳು ಬೈಕು ಮುಟ್ಟಲಿಲ್ಲ. ಕೆಲವು ವರ್ಷಗಳ ನಂತರ ಸ್ಪಿತಿಯ ಹಾದಿಯಲ್ಲಿ, ನೀರು ಹರಿಯುವ ತೊರೆಯೊಂದರ ಗುಂಡುಕಲ್ಲುಗಳ ಮೇಲೆ, ಹೆಚ್ಚುಕಡಿಮೆ ಅದೇ ರೀತಿ ಬಿದ್ದೆ. ಆಗ ಕಾಲಲ್ಲಿ ಎತ್ತರದ ಅಡ್ವೆಂಚರ್ ಬೂಟು ಇತ್ತು. ಕಾಲು ಹೊರಗೆಳೆದು ನೋಡಿದರೆ ಮುಂಭಾಗದ ಪ್ಲಾಸ್ಟಿಕ್ ಹಲಗೆಯ ಮೇಲೆ ಬೆರಳುದ್ದದ ಗುಳಿ, ಮೇಲಿನ ಬಕಲ್ ಬಾಗಿತ್ತು. ಬೈಕೆತ್ತಿ ನಿಲ್ಲಿಸಿ, ಬಕಲ್ಲನ್ನು ಇಕ್ಕಳದಿಂದ ನೇರ ಮಾಡಿಕೊಂಡು ಅಂದೇ ಸ್ಪಿತಿಯ ಮುಖ್ಯ ಊರಾದ ಕಾಜಾ ತಲುಪಿದೆ.

ಈಗ ನಿಮ್ಮ ಇಬ್ಬರು ಸ್ನೇಹಿತರ ಮಾತಿಗೆ ಬರುತ್ತೇನೆ. ಟ್ರೆಕ್ಕಿಂಗ್ ಶೂ ಸಾಕು ಎನ್ನುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಬೈಕಿಗೆಂದೇ ಮಾಡಿರದ ಸಾಮಾನ್ಯ ಬೂಟು ಕೂಡ ಓಟದ ಶೂಗೆ ಹೋಲಿಸಿದರೆ ಪಾದದ ಗಾಯದ ಸಾಧ್ಯತೆಯನ್ನು ಅರ್ಧಕ್ಕಿಂತ ಕೆಳಗಿಳಿಸಿದ್ದು ಕಂಡುಬಂದಿತ್ತು. ಆದ್ದರಿಂದ ನಿಮ್ಮ ಸೇಫ್ಟಿ ಶೂ ವ್ಯರ್ಥವಲ್ಲ; ಚಪ್ಪಲಿಗಿಂತ, ಕ್ಯಾನ್‌ವಾಸ್ ಶೂಗಿಂತ ಅದು ಎಷ್ಟೋ ಮೇಲು. ಆದರೆ ಅದರ ಉಕ್ಕಿನ ಟೋಪಿ ಕಾಪಾಡುವುದು ಮೇಲಿನಿಂದ ಬೀಳುವ ವಸ್ತುವಿನಿಂದ ಬೆರಳುಗಳನ್ನು ಮಾತ್ರ. ಕಣಕಾಲಿನ ಗಂಟಿಗೂ ಅದರ ಮೇಲಿನ ಎಲುಬಿಗೂ ಅಲ್ಲಿ ಏನೂ ಇಲ್ಲ. ಜೊತೆಗೆ ಲೇಸು ಗೇರ್ ಲಿವರಿಗೋ ಕಾಲಿಡುವ ಫುಟ್‌ಪೆಗ್ಗಿಗೋ ಸಿಕ್ಕಿಕೊಂಡರೆ, ಕಾಲು ಕೆಳಗಿಡಬೇಕಾದ ಕ್ಷಣದಲ್ಲಿ ಕಾಲು ಬರುವುದೇ ಇಲ್ಲ. ಪಾದದ ಬದಿ ಉರಿಯುತ್ತದೆ ಎಂದಿರಲ್ಲ, ಅದಕ್ಕೆ ಬಹುಮಟ್ಟಿಗೆ ಎರಡು ಕಾರಣ: ಮುಂಪಾದದ ಅಗಲ ಸಾಲದಿರುವುದು, ಮತ್ತು ಬಿಸಿಗೆ ಊದಿಕೊಂಡ ಪಾದ ಆ ಉಕ್ಕಿನ ಟೋಪಿಯ ಅಂಚಿಗೆ ಒತ್ತಿಕೊಳ್ಳುವುದು.

ಮೋಟೋಕ್ರಾಸ್ ಬೂಟು ಬೇಕೆನ್ನುವವರು ರಕ್ಷಣೆಯ ದೃಷ್ಟಿಯಿಂದ ಸರಿ. ಆದರೆ ಆ ಬೂಟು ರೂಪುಗೊಂಡಿದ್ದು ಅರ್ಧ ಗಂಟೆಯ ಪೈಪೋಟಿಗಾಗಿ, ಗಟ್ಟಿಯಾಗಿ ಒತ್ತುವ ಗೇರಿಗಾಗಿ, ನಡೆಯುವ ಅಗತ್ಯವೇ ಇಲ್ಲದ ಸವಾರನಿಗಾಗಿ. ಎಂಟು ಗಂಟೆಯ ದಿನಕ್ಕೆ, ನಡುನಡುವೆ ಇಳಿದು ನಡೆಯುವುದಕ್ಕೆ ಅದು ಒಗ್ಗುವುದಿಲ್ಲ. ಸ್ಪಿತಿಯಲ್ಲಿ 4,166 ಮೀಟರ್ ಎತ್ತರದ ಕೀ ಮಠದ ಮೆಟ್ಟಿಲು ಹತ್ತುವಾಗ, ಚಂದ್ರತಾಲದ ದಂಡೆಯವರೆಗೆ ನಡೆಯುವಾಗ ಪ್ರತಿ ಹೆಜ್ಜೆಗೂ ಅದರ ಭಾರ ಗೊತ್ತಾಗುತ್ತದೆ. ಕಾಲಿಗೆ ಒಗ್ಗದ ಬೂಟನ್ನು ಎರಡನೆಯ ದಿನವೇ ಸಾಮಾನಿನ ಮೇಲೆ ಕಟ್ಟಿ, ಸಾದಾ ಶೂನಲ್ಲಿ ಓಡಿಸುವವರನ್ನು ನಾನು ನೋಡಿದ್ದೇನೆ. ನನಗೆ ಆರಾಮವೂ ರಕ್ಷಣೆಯ ಒಂದು ಭಾಗವಾಗಿಯೇ ಕಾಣುವುದು ಇದರಿಂದ.

ಇವೆರಡರ ನಡುವಿನದು ಅಡ್ವೆಂಚರ್ ಬೂಟು. ಮೀನಖಂಡದ ಅರ್ಧಕ್ಕಿಂತ ಮೇಲೆ ಬರುವ ಎತ್ತರ, ಮುಂಭಾಗದಲ್ಲಿ ಗಟ್ಟಿ ಹಲಗೆ, ಕಣಕಾಲಿನ ಗಂಟಿನ ಎರಡೂ ಬದಿ ಬಟ್ಟಲಿನಂಥ ರಕ್ಷೆ, ಗಟ್ಟಿಯಾದ ಬೆರಳಭಾಗ ಮತ್ತು ಹಿಮ್ಮಡಿ, ಲೇಸಿಲ್ಲದೆ ಬಕಲ್ಲಿನಿಂದ ಬಿಗಿಯುವ ವ್ಯವಸ್ಥೆ, ನಿಂತು ಓಡಿಸುವಾಗ ಫುಟ್‌ಪೆಗ್ಗು ಅಂಗಾಲಿಗೆ ಚುಚ್ಚದಂತೆ ಅಟ್ಟೆಯೊಳಗೊಂದು ಗಡುಸು ಪಟ್ಟಿ. ನಿಮಗೆ ನಾನು ಸೂಚಿಸುವುದು ಇದನ್ನೇ. ಹಗುರವಾದ ಟೂರಿಂಗ್ ಬೂಟುಗಳು ನಡೆಯಲು ಹಿತವಾದರೂ ಅವುಗಳಲ್ಲಿ ಹೆಚ್ಚಿನವು ತಿರುಚುವಿಕೆಯನ್ನು ತಡೆಯಲಾರವು. ಅವು ಡಾಂಬರಿನ ಸವಾರರಿಗೆ.

ಅಂಗಡಿಯಲ್ಲಿ ಬೂಟು ಕೈಗೆ ಬಂದೊಡನೆ ಮೊದಲು ನಾಲಿಗೆಯ ಒಳಗೋ ಕತ್ತಿನ ಒಳಬದಿಯಲ್ಲೋ ಹೊಲಿದಿರುವ ಲೇಬಲ್ಲನ್ನು ಹುಡುಕಿ. ಬೈಕ್ ಸವಾರನ ಪುಟ್ಟ ಚಿತ್ರ, ಅದರ ಜೊತೆ ಇಎನ್ 13634 ಎಂಬ ಯುರೋಪಿನ ಮಾನದಂಡದ ಸಂಖ್ಯೆ, ಕೆಳಗೆ 1 ಅಥವಾ 2 ಎಂಬ ನಾಲ್ಕು ಅಂಕಿಗಳು ಇರಬೇಕು. ಮೊದಲನೆಯ ಅಂಕಿ ಬೂಟಿನ ಎತ್ತರದ್ದು, ಎರಡನೆಯದು ಉಜ್ಜುವಿಕೆಯನ್ನು ತಡೆಯುವ ಶಕ್ತಿಯದು, ಮೂರನೆಯದು ಹರಿತ ವಸ್ತು ಕೊಯ್ಯದಂತೆ ತಡೆಯುವುದರದು, ನಾಲ್ಕನೆಯದು ಅಡ್ಡಲಾಗಿ ಒತ್ತಿದಾಗ ಅಟ್ಟೆ ಎಷ್ಟು ಕುಗ್ಗದೆ ನಿಲ್ಲುತ್ತದೆ ಎಂಬುದರದು. ಎಲ್ಲವೂ 2 ಇದ್ದರೆ ಉತ್ತಮ. ಆದರೆ ಕಚ್ಚಾ ಹಾದಿಯ ಸವಾರರಾದ ನೀವು ನಾಲ್ಕನೆಯ ಅಂಕಿಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ; ಬೈಕಿನಡಿ ಪಾದ ಜಜ್ಜಿಹೋಗದಂತೆ ತಡೆಯುವುದು ಅದೇ. ಇವುಗಳ ಕೆಳಗೆ ಐಪಿಎ ಎಂದಿದ್ದರೆ ಕಣಕಾಲಿನ ಗಂಟಿನ ರಕ್ಷೆಯನ್ನೂ, ಐಪಿಎಸ್ ಎಂದಿದ್ದರೆ ಮುಂಭಾಗದ ಎಲುಬಿನ ರಕ್ಷೆಯನ್ನೂ, ಡಬ್ಲ್ಯುಆರ್ ಎಂದಿದ್ದರೆ ನೀರು ತಡೆಯುವ ಗುಣವನ್ನೂ ಪರೀಕ್ಷಿಸಲಾಗಿದೆ ಎಂದರ್ಥ. ಬರೀ ‘ಸಿಇ’ ಎಂಬ ಎರಡಕ್ಷರ ಅಚ್ಚಾಗಿದ್ದು ಮಾನದಂಡದ ಸಂಖ್ಯೆಯೇ ಇಲ್ಲದ ಬೂಟನ್ನು ಮರಳಿ ಇಟ್ಟುಬಿಡಿ.

ಲೇಬಲ್ ಹೇಳದ ಸಂಗತಿಯನ್ನು ಕೈಯಿಂದಲೇ ತಿಳಿಯಬಹುದು. ಒಂದು ಕೈಯಲ್ಲಿ ಹಿಮ್ಮಡಿಯನ್ನೂ ಇನ್ನೊಂದರಲ್ಲಿ ಬೆರಳ ತುದಿಯನ್ನೂ ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಸಲೀಸಾಗಿ ತಿರುಗಿದರೆ ಅದು ಈ ಕೆಲಸಕ್ಕಲ್ಲ. ಬಳಿಕ ಬೂಟಿನ ಮೇಲ್ಭಾಗವನ್ನು ಹಿಡಿದು ಪಕ್ಕಕ್ಕೆ ಬಾಗಿಸಿ. ಮುಂದಕ್ಕೆ, ಹಿಂದಕ್ಕೆ ಬಾಗಬೇಕು, ಪಕ್ಕಕ್ಕೆ ಬಾಗಬಾರದು.

ಅಳತೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಿಮ್ಮ ಉರಿಯ ಮೂಲ ಇರುವುದು ಇಲ್ಲೇ. ಬೂಟು ಕೊಳ್ಳಲು ಸಂಜೆ ಹೋಗಿ. ದಿನವಿಡೀ ನಿಂತು ಪಾಠ ಮಾಡಿದ ನಿಮ್ಮ ಪಾದ ಆಗ ಸವಾರಿಯ ಹೊತ್ತಿನಷ್ಟೇ ಊದಿರುತ್ತದೆ. ಸವಾರಿಗೆ ಹಾಕುವ ಉದ್ದನೆಯ ಕಾಲುಚೀಲವನ್ನೇ ಒಯ್ಯಿರಿ, ಅಂಗಡಿಯವರು ಕೊಡುವ ತೆಳುವಾದದ್ದನ್ನಲ್ಲ. ಹೊರಡುವ ಮೊದಲು ಮನೆಯಲ್ಲಿ ಆ ಕಾಲುಚೀಲ ಹಾಕಿಕೊಂಡು ಹಾಳೆಯ ಮೇಲೆ ನಿಂತು, ಪೆನ್ಸಿಲನ್ನು ನೇರವಾಗಿ ಹಿಡಿದು ಪಾದದ ಸುತ್ತ ಗೆರೆ ಎಳೆದು, ಉದ್ದವನ್ನೂ ಮುಂಪಾದದ ಅಗಲವನ್ನೂ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ಎರಡು ಪಾದಗಳು ಒಂದೇ ಸಮ ಇರುವುದಿಲ್ಲ. ದೊಡ್ಡದರ ಅಳತೆಯೇ ಲೆಕ್ಕ. ಈ ಬೂಟುಗಳಲ್ಲಿ ಹೆಸರುವಾಸಿಯಾದವು ಬಹುಪಾಲು ಇಟಲಿಯ ಟ್ರೆವಿಸೊ ಪ್ರಾಂತ್ಯದ ಸುತ್ತಮುತ್ತ ಹುಟ್ಟಿದ ಕಂಪನಿಗಳವು. ಅಲ್ಲಿನ ಅಸೋಲೊ ಎಂಬ ಪುಟ್ಟ ಊರಿನಲ್ಲಿ ಆಲ್ಪೈನ್‌ಸ್ಟಾರ್ಸ್ 1963ರಲ್ಲಿ ಶುರುವಾದದ್ದೂ ಪರ್ವತಾರೋಹಣದ ಪಾದರಕ್ಷೆ ಮಾಡುವ ಕಸುಬಿನ ನಡುವೆಯೇ. ಕೆಲಸ ಬಹಳ ಅಚ್ಚುಕಟ್ಟು, ಆದರೆ ಚಿಕ್ಕಂದಿನಿಂದ ಚಪ್ಪಲಿಯಲ್ಲೋ ಬರಿಗಾಲಲ್ಲೋ ಓಡಾಡಿ ಹರಡಿಕೊಂಡ ನಮ್ಮ ಮುಂಪಾದಕ್ಕೆ ಅಲ್ಲಿನ ಕೆಲವು ಅಚ್ಚುಗಳು ಕಿರಿದಾಗುತ್ತವೆ.

ಕಿರಿದೆಂದು ಒಂದು ಸಂಖ್ಯೆ ದೊಡ್ಡದು ಕೊಳ್ಳುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಆಗ ಉದ್ದವೂ ಹೆಚ್ಚಿ, ಹಿಮ್ಮಡಿ ಒಳಗೇ ಮೇಲೆ ಕೆಳಗೆ ಆಡುತ್ತದೆ; ಕಣಕಾಲಿನ ರಕ್ಷೆ ಇರಬೇಕಾದ ಜಾಗದಿಂದ ಅರ್ಧ ಅಂಗುಲ ಸರಿದು ಕೂರುತ್ತದೆ. ಅಗಲವಾದ ಅಚ್ಚಿನ ಬೇರೆ ಮಾದರಿಯನ್ನು ಹುಡುಕುವುದೇ ಸರಿಯಾದ ದಾರಿ. ಕೆಲವು ಕಂಪನಿಗಳು ಮಹಿಳೆಯರಿಗಾಗಿ ಪ್ರತ್ಯೇಕ ಅಚ್ಚಿನ ಬೂಟು ಮಾಡುತ್ತವೆ; ಅವುಗಳಲ್ಲಿ ಹಿಮ್ಮಡಿ ಕಿರಿದು, ಮೀನಖಂಡದ ಸುತ್ತಳತೆ ಹೆಚ್ಚು. ನಿಮ್ಮ ಅಳತೆ ಯುರೋಪಿನ ಲೆಕ್ಕದಲ್ಲಿ 38, 39ರ ಆಸುಪಾಸಿನದಾದರೆ ಪುರುಷರ ಬೂಟುಗಳು ಹಲವು ಆ ಸಂಖ್ಯೆಯಿಂದ ಆರಂಭವಾಗುವುದೇ ಇಲ್ಲ. ಆದ್ದರಿಂದ ಮೊದಲು ದೂರವಾಣಿಯಲ್ಲಿ ಕೇಳಿಕೊಂಡು, ಬೆಂಗಳೂರಿನ ದೊಡ್ಡ ಅಂಗಡಿಗೆ ಒಂದು ದಿನ ಮೀಸಲಿಟ್ಟು ಹೋಗಿ. ಬೂಟನ್ನು ಹಾಕಿ ನೋಡದೆ ಅಂತರಜಾಲದಲ್ಲಿ ತರಿಸುವುದಾದರೆ ಬದಲಾಯಿಸಿಕೊಡುವ ಶರತ್ತನ್ನು ಮೊದಲೇ ಓದಿಕೊಳ್ಳಿ.

ಅಂಗಡಿಯಲ್ಲಿ ಎರಡೂ ಬೂಟು ತೊಟ್ಟು, ಎಲ್ಲ ಬಕಲ್ ಬಿಗಿದು, ಇಪ್ಪತ್ತು ನಿಮಿಷ ತೆಗೆಯದೆ ಇರಿ. ಕುಳಿತುಕೊಳ್ಳಿ, ಕುಕ್ಕರಗಾಲಲ್ಲಿ ಕೂರಿ, ಮೆಟ್ಟಿಲು ಇಳಿಯಿರಿ. ಇಳಿಯುವಾಗ ಬೆರಳ ತುದಿ ಮುಂದಕ್ಕೆ ತಗುಲಬಾರದು, ನಡೆಯುವಾಗ ಹಿಮ್ಮಡಿ ಏಳಬಾರದು. ಬಳಿಕ ಮೆಟ್ಟಿಲಿನ ಅಂಚಿನ ಮೇಲೆ ಪಾದದ ನಡುಭಾಗವನ್ನಿಟ್ಟು, ಮೊಣಕಾಲು ಸ್ವಲ್ಪ ಮಡಿಸಿ, ಬೈಕಿನ ಮೇಲೆ ನಿಂತಂತೆ ಎರಡು ನಿಮಿಷ ನಿಲ್ಲಿ. ಅಂಚು ಅಂಗಾಲಿಗೆ ಚುಚ್ಚಿದರೆ ಅಟ್ಟೆ ಮೆದುವಾಗಿದೆ ಎಂದು ತಿಳಿಯಿರಿ. ಹೊಸ ಬೂಟು ಒಟ್ಟಾರೆ ಬಿಗಿಯಾಗಿದ್ದರೆ ಚಿಂತೆ ಬೇಡ, ಅದು ಸಡಿಲವಾಗುತ್ತದೆ. ಆದರೆ ಒಂದೇ ಬಿಂದುವಿನಲ್ಲಿ, ಅದರಲ್ಲೂ ಕಣಕಾಲಿನ ಒಳಬದಿಯ ಎಲುಬಿನ ಮೇಲೆ ಒತ್ತುತ್ತಿದ್ದರೆ ಅದು ಮುಂದೆಯೂ ಒತ್ತುತ್ತಲೇ ಇರುತ್ತದೆ.

ವಾಟರ್‌ಪ್ರೂಫ್ ಬೇಕೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೌದು, ಆದರೆ ಅದರ ಮಿತಿ ತಿಳಿದಿರಬೇಕು. ಇಂಥ ಬೂಟಿನ ಚರ್ಮಕ್ಕೂ ಒಳಬಟ್ಟೆಗೂ ನಡುವೆ ಗೋರ್‌ಟೆಕ್ಸ್‌ನಂಥ ತೆಳುವಾದ ಪೊರೆ ಇರುತ್ತದೆ. ಅದು ಹೊರಗಿನ ನೀರನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆ ಓಡಾಡುವ ನಿಮಗೆ ಇದು ದೊಡ್ಡ ನೆಮ್ಮದಿ. ಆದರೆ ನೀರು ಬೂಟಿನ ಬಾಯಿಯಿಂದ ಒಳಹೊಕ್ಕಿತೆಂದರೆ ಅದೇ ಪೊರೆ ಅದನ್ನು ಹೊರಹೋಗಲು ಬಿಡದೆ ಕೊಡದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮನಾಲಿಯಿಂದ ಸ್ಪಿತಿಗೆ ಹೋಗುವಾಗ ಸಿಗುವ ಗ್ರಾಂಫೂವಿನಿಂದ ಬಾತಲ್‌ವರೆಗಿನ ಹಾದಿಯಲ್ಲಿ ತೊರೆಗಳು ರಸ್ತೆಯ ಮೇಲೆಯೇ ಹರಿಯುತ್ತವೆ. ಹಿಮ ಕರಗುವುದರಿಂದ ಮಧ್ಯಾಹ್ನದ ನಂತರ ನೀರು ಏರುತ್ತದೆ. ಅವನ್ನು ಬೆಳಿಗ್ಗೆಯೇ ದಾಟುವುದು, ಮಳೆ ಪ್ಯಾಂಟನ್ನು ಬೂಟಿನೊಳಗೆ ತುರುಕದೆ ಮೇಲಿನಿಂದ ಇಳಿಬಿಡುವುದು ಇವೆರಡೇ ನಿಜವಾದ ರಕ್ಷಣೆ. ಬೂಟು ಒದ್ದೆಯಾದರೆ ರಾತ್ರಿ ಒಳಗೆ ಹಳೆಯ ದಿನಪತ್ರಿಕೆ ತುರುಕಿ, ಗಂಟೆಗೊಮ್ಮೆ ಬದಲಿಸಿ; ಒಲೆಯ ಪಕ್ಕ ಇಡಬೇಡಿ, ಅಟ್ಟೆಯ ಅಂಟು ಬಿಡುತ್ತದೆ.

ಬೂಟು ತಂದ ಮೇಲೆ ಬಹಳ ಜನ ಮರೆಯುವ ಕೆಲಸವೊಂದಿದೆ. ಹೊಸ ಬೂಟಿನ ಮೂತಿ ದಪ್ಪ. ಹಳೆಯ ಶೂಗೆ ಹೊಂದಿಕೊಂಡಿದ್ದ ಗೇರ್ ಲಿವರಿನ ಕೆಳಗೆ ಅದು ತೂರುವುದಿಲ್ಲ. ಆಗ ಸವಾರರು ಪಾದವನ್ನು ಹೊರಕ್ಕೆ ತಿರುಗಿಸಿ ಗೇರು ಹಾಕುತ್ತಾರೆ, ಮೊಣಕಾಲು ನೋಯುತ್ತದೆ, ದೂರನ್ನು ಬೂಟಿನ ಮೇಲೆ ಹೊರಿಸುತ್ತಾರೆ. ಮೆಕ್ಯಾನಿಕ್ ಬಳಿ ಹೋಗಿ ಗೇರ್ ಲಿವರನ್ನು ತುಸು ಮೇಲಕ್ಕೆತ್ತಿಸಿ, ಬ್ರೇಕ್ ಪೆಡಲಿನ ಎತ್ತರವನ್ನೂ ನಿಂತು ನೋಡಿ ಸರಿಪಡಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ. ದಪ್ಪ ಅಟ್ಟೆಯಿಂದ ನಿಮಗೆ ಇನ್ನೊಂದು ಲಾಭವಿದೆ: 825 ಮಿ.ಮೀ. ಎತ್ತರದ ಸೀಟಿನ ಮೇಲೆ ನಿಮ್ಮ ಎತ್ತರದವರಿಗೆ ನೆಲ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಅಟ್ಟೆಯ ಮೂಲಕ ಬ್ರೇಕಿನ ಸ್ಪರ್ಶ ಮೊದಲಿನಷ್ಟು ತಿಳಿಯುವುದಿಲ್ಲ; ಕಾಲು ಕಲಿಯುವವರೆಗೆ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ.

ಇನ್ನು ಉಡುಪು. ಜೀನ್ಸಿನ ಬಗ್ಗೆ ಮೊದಲು ಹೇಳುತ್ತೇನೆ, ಏಕೆಂದರೆ ನಿಮ್ಮ ರಕ್ಷಣೆಯಲ್ಲಿ ಬೂಟಿನ ನಂತರದ ದೊಡ್ಡ ಕೊರತೆ ಅದೇ. ಸಾಮಾನ್ಯ ಜೀನ್ಸ್ ಎಷ್ಟೇ ದಪ್ಪವಿದ್ದರೂ ಡಾಂಬರಿನ ಮೇಲೆ ಕ್ಷಣಾರ್ಧದಲ್ಲಿ ತೂತಾಗುತ್ತದೆ. ಮೊಣಕಾಲಿಗೂ ಸೊಂಟಕ್ಕೂ ಅದರಲ್ಲಿ ಯಾವ ರಕ್ಷೆಯೂ ಇಲ್ಲ. ಹೊಸ ಜಾಕೆಟ್ಟಿಗಿಂತ ಮೊದಲು ರೈಡಿಂಗ್ ಪ್ಯಾಂಟ್ ಕೊಳ್ಳಿ. ಉಡುಪಿಗೆ ಇಎನ್ 17092 ಎಂಬ ಮಾನದಂಡವಿದೆ. ಅದರಲ್ಲಿ ಎಎಎ ಅತಿ ಹೆಚ್ಚಿನ ದರ್ಜೆ, ನಂತರ ಎಎ, ನಂತರ ಎ. ಬಿ ದರ್ಜೆಯಲ್ಲಿ ಪೆಟ್ಟು ತಡೆಯುವ ಪ್ಯಾಡು ಇರುವುದಿಲ್ಲ. ಸಿ ದರ್ಜೆಯದು ಪ್ಯಾಡುಗಳನ್ನು ಹಿಡಿದಿಡುವ ಜಾಲರಿ ಮಾತ್ರ, ಉಜ್ಜುವಿಕೆಗೆ ಅದು ನಿಲ್ಲುವುದಿಲ್ಲ. ಸಾಹಸ ಸವಾರಿಗೆ ಎಎ ಹದವಾದದ್ದು. ಎಎಎ ದರ್ಜೆಯ ಬಟ್ಟೆ ನಮ್ಮ ಸೆಖೆಯಲ್ಲಿ ತೂಕವಾಗಿ, ಕೊನೆಗೆ ಮನೆಯಲ್ಲೇ ಉಳಿಯುವ ಸಂಭವ ಹೆಚ್ಚು.

ಮೊಣಕೈ ಪ್ಯಾಡು ಸರಿಯುತ್ತದೆ ಎಂದಿರಿ. ಅದು ಗಂಭೀರ ದೋಷ. ಮೊಣಕೈ ಮತ್ತು ಮೊಣಕಾಲಿನ ಪ್ಯಾಡುಗಳಿಗೆ ಇಎನ್ 1621-1 ಎಂಬ ಮಾನದಂಡವಿದ್ದು, ನಿಗದಿತ ಪೆಟ್ಟು ಬಿದ್ದಾಗ ಒಳಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಅದು ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಆದರೆ ಲೆವೆಲ್ 2 ಪ್ಯಾಡು ಎರಡು ಅಂಗುಲ ಸರಿದು ಕೂತಿದ್ದರೆ, ತನ್ನ ಜಾಗದಲ್ಲೇ ಇರುವ ಲೆವೆಲ್ 1 ಅದಕ್ಕಿಂತ ಮೇಲು. ಜಾಕೆಟ್ ತೊಟ್ಟು, ಬೈಕಿನ ಹ್ಯಾಂಡಲ್ ಹಿಡಿದಂತೆ ಕೈ ಚಾಚಿ, ಇನ್ನೊಬ್ಬರಿಂದ ಮೊಣಕೈ ಪ್ಯಾಡನ್ನು ಹಿಡಿಸಿ ತಿರುಗಿಸಲು ಹೇಳಿ. ತೋಳು ಬಿಗಿಯುವ ಪಟ್ಟಿ ಎಳೆದ ಮೇಲೂ ಅದು ತಿರುಗಿದರೆ ಜಾಕೆಟ್ ನಿಮಗೆ ದೊಡ್ಡದು. ಪುರುಷರ ಅಳತೆಯ ಜಾಕೆಟ್ ತೊಟ್ಟ ಮಹಿಳೆಯರಲ್ಲಿ ಈ ತೊಂದರೆ ಬಹಳ. ಪ್ಯಾಂಟಿನ ಮೊಣಕಾಲು ಪ್ಯಾಡನ್ನು ನಿಂತು ನೋಡಬೇಡಿ, ಕುಳಿತು ನೋಡಿ. ಕುಳಿತಾಗ ಅದು ಮೊಣಕಾಲ ಚಿಪ್ಪನ್ನು ಮುಚ್ಚಿ ಸ್ವಲ್ಪ ಕೆಳಗೂ ಇಳಿದಿರಬೇಕು. ಪ್ಯಾಡಿನ ಜೇಬಿನ ಎತ್ತರವನ್ನು ಹೊಂದಿಸಿಕೊಳ್ಳಬಹುದಾದ ಪ್ಯಾಂಟನ್ನೇ ಆರಿಸಿ. ಬೆನ್ನಿನ ಜೇಬಿನಲ್ಲಿ ಕಂಪನಿ ಇಟ್ಟುಕೊಡುವುದು ಅನೇಕ ವೇಳೆ ಬರೀ ಸ್ಪಂಜು. ಅದನ್ನು ಹೊರತೆಗೆದು ನೋಡಿ. ಅದರ ಮೇಲೆ ಇಎನ್ 1621-2 ಎಂದು ಅಚ್ಚಾಗಿರದಿದ್ದರೆ ಬದಲಿಸಿ.

ಹವೆಯ ವಿಷಯದಲ್ಲಿ ನಿಮ್ಮ ಸ್ಥಿತಿ ಕಠಿಣ, ಏಕೆಂದರೆ ಒಂದೇ ಉಡುಪು ಏಪ್ರಿಲಿನ ಶಿವಮೊಗ್ಗಕ್ಕೂ ಸೆಪ್ಟೆಂಬರಿನ 4,551 ಮೀಟರ್ ಎತ್ತರದ ಕುಂಜುಮ್ ಪಾಸಿಗೂ ಆಗಬೇಕು. ಸಾವಿರ ಮೀಟರ್ ಏರಿದಂತೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ. ಮನಾಲಿಯಿಂದ ಕುಂಜುಮ್‌ಗೆ ಏರುವಷ್ಟರಲ್ಲಿ ಹದಿನೈದು ಹದಿನಾರು ಡಿಗ್ರಿಯ ವ್ಯತ್ಯಾಸ, ಅದರ ಮೇಲೆ ಗಾಳಿ. ಇದಕ್ಕೆ ಪರಿಹಾರ ಪದರಗಳು. ಗಾಳಿಯಾಡುವ ಜಾಕೆಟ್, ಅದರೊಳಗೆ ಬೆವರು ಹೀರಿ ಬೇಗ ಒಣಗುವ ಉಣ್ಣೆಯ ಅಥವಾ ಸಿಂಥೆಟಿಕ್ ಬನಿಯನ್, ಚಳಿಗೆ ಮಡಿಸಿ ಇಟ್ಟುಕೊಳ್ಳಬಹುದಾದ ಒಂದು ತುಪ್ಪುಳಿನ ಜಾಕೆಟ್, ಎಲ್ಲದರ ಮೇಲೆ ಮಳೆ ಕೋಟು. ಹತ್ತಿಯ ಬನಿಯನ್ ಬೇಡ. ಒದ್ದೆಯಾದ ಹತ್ತಿ ಎತ್ತರದ ಚಳಿಯಲ್ಲಿ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ.

ಜಾಕೆಟ್ಟಿನೊಳಗೆ ಜಿಪ್ ಹಾಕಿ ಸೇರಿಸುವ ಮಳೆಯ ಪದರವನ್ನು ಕಂಪನಿಗಳು ಉಚಿತವಾಗಿ ಕೊಡುತ್ತವೆ. ಅದರ ಮೇಲೆ ನಾನು ಭರವಸೆ ಇಡುವುದಿಲ್ಲ. ಮಳೆ ಬಂದಾಗ ರಸ್ತೆ ಬದಿಯಲ್ಲಿ ಜಾಕೆಟ್ ಬಿಚ್ಚಿ ಅದನ್ನು ಸೇರಿಸಬೇಕು. ಸೇರಿಸಿದ ಮೇಲೂ ಹೊರಗಿನ ಬಟ್ಟೆ ನೀರು ಕುಡಿದು ಭಾರವಾಗಿ, ಗಾಳಿಗೆ ತಣ್ಣಗಾಗಿ, ಸವಾರರನ್ನು ನಡುಗಿಸುತ್ತದೆ. ಮೇಲಿನಿಂದ ತೊಡುವ ಮಳೆ ಕೋಟು ಮತ್ತು ಮಳೆ ಪ್ಯಾಂಟು, ಎದ್ದು ಕಾಣುವ ಬಣ್ಣದ್ದು, ಬೂಟಿನ ಮೇಲೆಯೇ ಏರಿಸಬಹುದಾದಷ್ಟು ಅಗಲ ಕಾಲಿನದು, ಮಲೆನಾಡಿಗೂ ಹಿಮಾಲಯಕ್ಕೂ ಅದೇ ಸೂಕ್ತ. ಬಿಸಿಲಿನ ಬಗ್ಗೆ ಒಂದು ಮಾತು: ಗಾಳಿಯ ಬಿಸಿ ಮೈಯ ಬಿಸಿಗಿಂತ ಹೆಚ್ಚಾದಾಗ ಮೆಶ್ ಜಾಕೆಟ್ ತಂಪು ಕೊಡುವುದಿಲ್ಲ, ಬೆವರು ಕೆಲಸ ಮಾಡುವ ಮೊದಲೇ ಅದನ್ನು ಒಣಗಿಸುತ್ತದೆ. ಬಳ್ಳಾರಿ, ರಾಯಚೂರಿನ ಮೇ ತಿಂಗಳಿನಲ್ಲಿ ಒಳ ಬನಿಯನ್ನನ್ನು ನೀರಲ್ಲಿ ಅದ್ದಿ ತೊಟ್ಟು, ಗಾಳಿಕಿಂಡಿಗಳನ್ನು ಅರ್ಧ ಮುಚ್ಚಿಕೊಂಡರೆ ಹೆಚ್ಚು ದೂರ ಹೋಗಬಹುದು.

ಗ್ಲೌಸಿನ ವಿಷಯ ಚಿಕ್ಕದು. ಇಎನ್ 13594 ಗುರುತು, ಅದರ ಜೊತೆ ಗೆಣ್ಣುಗಳ ರಕ್ಷೆಯನ್ನು ಸೂಚಿಸುವ ಕೆಪಿ ಎಂಬ ಅಕ್ಷರ, ಅಂಗೈಯ ಬುಡದಲ್ಲಿ ಜಾರುವ ಗಟ್ಟಿ ತುಂಡು, ಮಣಿಕಟ್ಟನ್ನು ಬಿಗಿಯುವ ಪಟ್ಟಿ ಇರಲಿ. ಗಾಳಿಯಾಡುವ ಜೊತೆಯೊಂದು, ಚಳಿ ಮಳೆಗೆ ಇನ್ನೊಂದು.

ಹಣದ ಹಂಚಿಕೆಯನ್ನು ನಾನಾದರೆ ಹೀಗೆ ಮಾಡುತ್ತಿದ್ದೆ: ಬೂಟಿಗೆ 18,000ದಿಂದ 20,000, ಪ್ಯಾಂಟಿಗೆ 11,000, ಜಾಕೆಟ್ಟಿಗೆ 11,000ದಿಂದ 12,000, ಎರಡು ಜೊತೆ ಗ್ಲೌಸಿಗೆ 5,000, ಉಳಿದದ್ದು ಮಳೆ ಉಡುಪಿಗೆ. ಉಡುಪಿನ ಮಟ್ಟಿಗೆ ಆಮದು ಸರಕಿನ ಹಿಂದೆ ಹೋಗಬೇಕಾಗಿಲ್ಲ. ಬೆಂಗಳೂರಿನ ವಯಾಟೆರಾ, ಮುಂಬೈಯ ರೈನಾಕ್ಸ್ ಮುಂತಾದ ನಮ್ಮವರ ಪ್ಯಾಂಟು, ಜಾಕೆಟ್ಟುಗಳು ನಮ್ಮ ಹವೆಗೆ ಯೋಚಿಸಿ ಮಾಡಿದವು, ಹರಿದರೆ ದುರಸ್ತಿಗೂ ಸುಲಭ. ಬೂಟಿನ ವಿಷಯದಲ್ಲಿ ಮಾತ್ರ, ಸ್ವದೇಶಿಯಾಗಲಿ ವಿದೇಶಿಯಾಗಲಿ, ಮೇಲೆ ಹೇಳಿದ ನಾಲ್ಕು ಅಂಕಿಗಳನ್ನು ನೋಡಿಯೇ ತೀರ್ಮಾನಿಸಿ. ಹಣ ಸಾಲದೆ ಹೋದರೆ ಈಗಿನ ಜಾಕೆಟ್ಟನ್ನೇ ಚಿಕ್ಕದು ಮಾಡಿಸಿ, ಒಳ್ಳೆಯ ಪ್ಯಾಡು ಹಾಕಿಕೊಂಡು ಒಂದು ವರ್ಷ ತಳ್ಳಿ. ಬೂಟು, ಪ್ಯಾಂಟನ್ನು ಮುಂದೂಡಬೇಡಿ.

ರಿಯಾಯಿತಿಯ ಬೂಟಿನ ಬಗ್ಗೆ ಎಚ್ಚರಿಕೆ. ಅನೇಕ ಬೂಟುಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಇರುತ್ತದೆ. ಅದು ಗಾಳಿಯ ತೇವದೊಂದಿಗೆ ನಿಧಾನವಾಗಿ ವರ್ತಿಸಿ, ಬಳಸದೆ ಇಟ್ಟರೂ ಕೆಲವು ವರ್ಷಗಳಲ್ಲಿ ಒಳಗಿನಿಂದಲೇ ಪುಡಿಯಾಗುತ್ತದೆ. ನಮ್ಮ ಮಲೆನಾಡು, ಕರಾವಳಿಯ ತೇವದಲ್ಲಿ ಇನ್ನೂ ಬೇಗ. ಪೆಟ್ಟಿಗೆಯ ಮೇಲಿನ ತಯಾರಿಕೆಯ ದಿನಾಂಕ ನೋಡಿ, ಮೂರು ನಾಲ್ಕು ವರ್ಷ ಹಳೆಯ ದಾಸ್ತಾನನ್ನು ಅರ್ಧ ಬೆಲೆಗೆ ಕೊಟ್ಟರೂ ಬಿಡಿ. ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಗಾಳಿಯಾಡುವಲ್ಲಿ ಇಡಿ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿದರೆ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ, ಚರ್ಮದ ಕ್ರೀಮು ಹಚ್ಚಿ.

ಜೂನ್ ಒಳಗೆ ಬೂಟು ನಿಮ್ಮ ಕಾಲಿನಲ್ಲಿರಲಿ. ಮೊದಲ ವಾರ ಮನೆಯಲ್ಲಿ ಸಂಜೆ ಒಂದು ಗಂಟೆ, ಆಮೇಲೆ ಕಾಲೇಜಿಗೆ ಹೋಗಿಬರುವಾಗ, ಅದರ ನಂತರ ಆಗುಂಬೆಗೆ ಮಳೆಯಲ್ಲಿ ಒಂದು ಇಡೀ ದಿನ. ಗುಳ್ಳೆ ಏಳುವುದಿದ್ದರೆ ಅಲ್ಲೇ ಏಳಲಿ, ಬಕಲ್ಲಿನ ಯಾವ ಹಲ್ಲು ನಿಮಗೆ ಸರಿ ಎಂಬುದೂ ಅಲ್ಲೇ ತಿಳಿಯಲಿ. ಸ್ಪಿತಿಗೆ ಹೊರಡುವಾಗ ಉದ್ದ ಕಾಲುಚೀಲ ಮೂರು ಜೊತೆ, ರಾತ್ರಿ ತಂಗುವಲ್ಲಿ ಹಾಕಲು ಹಗುರವಾದ ಒಂದು ಚಪ್ಪಲಿ, ಒಂದು ಹೆಚ್ಚುವರಿ ಬಕಲ್ ಪಟ್ಟಿ ಮತ್ತು ಅಟ್ಟೆ ಬಾಯಿಬಿಟ್ಟರೆ ಕಟ್ಟಲು ನಾಲ್ಕು ಪ್ಲಾಸ್ಟಿಕ್ ಕಟ್ಟುಪಟ್ಟಿಗಳನ್ನು ಚೀಲದಲ್ಲಿ ಇಟ್ಟುಕೊಳ್ಳಿ.